ಕೋಲಾರದ ತಾರಸಿಯಲ್ಲಿ ಹೂ ಬಿಡದ ಆರ್ಕಿಡ್‌ಗಳು

ಪ್ರಶ್ನೆ: ನಮ್ಮದು ಕೋಲಾರ ಜಿಲ್ಲೆಯ ಶ್ರೀನಿವಾಸಪುರ. ತಾರಸಿಯಲ್ಲಿ ಆರು ಆರ್ಕಿಡ್ ಇಟ್ಟುಕೊಂಡಿದ್ದೇನೆ. ಎಲ್ಲವೂ ಹೈಬ್ರಿಡ್ ಎಂದು ಹೇಳಿಯೇ ಕೊಟ್ಟರು, ಆದರೆ ಯಾವುದಕ್ಕೂ ಹೆಸರಿನ ಚೀಟಿ ಇರಲಿಲ್ಲ. ನೇರಳೆ ಹೂವಿನದೊಂದು ಮೊದಲ ವರ್ಷ ಹೂ ಬಿಟ್ಟು ನಿಂತುಹೋಯಿತು. ಉದ್ದ ಕೋಲಿನ ಇನ್ನೊಂದರಲ್ಲಿ ಹೂವಿನ ಬದಲು ಗೆಣ್ಣುಗೆಣ್ಣಿಗೆ ಮರಿಗಿಡ ಬರುತ್ತವೆ. ಬುಟ್ಟಿಯಲ್ಲಿ ತೂಗುಹಾಕಿದ್ದಕ್ಕೆ ಮೊಳಗಟ್ಟಲೆ ಬೇರು ಬಂದಿದೆ, ಹೂವಿಲ್ಲ. ದಪ್ಪ ಎಲೆಯದೊಂದು ಒರೆಯಂಥದ್ದನ್ನು ಬಿಡುತ್ತದೆ, ಅದು ಹಾಗೇ ಒಣಗುತ್ತದೆ. ಮನೆಯೊಳಗಿಟ್ಟ ಅಗಲ ಎಲೆಯ ಗಿಡದ ಮೊಗ್ಗುಗಳು ಮೇ ತಿಂಗಳಲ್ಲಿ ಹಳದಿಯಾಗಿ ಉದುರಿದವು. ಡಾರ್ಜಿಲಿಂಗ್ ಪ್ರವಾಸದಲ್ಲಿ ತಂದ ಆರನೆಯದು ಹುಲ್ಲಿನ ಹಾಗೆ ಬೆಳೆಯುತ್ತಿದೆ. ಬಿಸಿಲಿಗೆ 75 ಪರ್ಸೆಂಟಿನ ಹಸಿರು ಶೇಡ್ ನೆಟ್ಟನ್ನು ಎರಡು ಪದರ ಕಟ್ಟಿದ್ದೇನೆ. ನೀರು ಬೋರ್‌ವೆಲ್‌ನದು. ಇವುಗಳ ಹೆಸರೇನು, ಹೂ ಬಿಡಿಸುವುದು ಹೇಗೆ? ನಮ್ಮ ಸೆಖೆಗೆ ಆರ್ಕಿಡ್ ಆಗುವುದೇ ಇಲ್ಲವೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ. ಸೆಖೆಯ ಮೇಲೆ ತಪ್ಪು ಹೊರಿಸಬೇಡಿ. ಜಗತ್ತಿಗೆಲ್ಲ ಡೆಂಡ್ರೋಬಿಯಂ, ವಾಂಡಾ ಎಂಬ ಆರ್ಕಿಡ್‌ಗಳನ್ನು ಕಳಿಸುವ ಬ್ಯಾಂಕಾಕ್ ಸುತ್ತಮುತ್ತ ಏಪ್ರಿಲ್ ರಾತ್ರಿಯೂ 26 ಡಿಗ್ರಿಗಿಂತ ಕೆಳಗಿಳಿಯುವುದು ಕಷ್ಟ. ನಿಮ್ಮ ಊರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಹಗಲು 36 ಮುಟ್ಟಿದರೂ ರಾತ್ರಿ 22ರ ಆಸುಪಾಸಿಗೆ ಇಳಿಯುತ್ತದೆ, ಡಿಸೆಂಬರ್-ಜನವರಿಯಲ್ಲಂತೂ 15ರ ಹತ್ತಿರ ಬರುತ್ತದೆ. ಹಗಲು-ರಾತ್ರಿಯ ಈ ಅಂತರ ಆರ್ಕಿಡ್‌ಗೆ ಇಷ್ಟ. ಚೆನ್ನೈನವರು ದುಡ್ಡು ಕೊಟ್ಟರೂ ಸಿಗದ ವಸ್ತು ಇದು. ಬ್ಯಾಂಕಾಕಿನಲ್ಲಿದ್ದು ನಿಮ್ಮಲ್ಲಿ ಇಲ್ಲದಿರುವುದು ಗಾಳಿಯ ತೇವ ಮತ್ತು ಮೆದು ನೀರು. ಅಲ್ಲಿದ್ದು ನಿಮ್ಮಲ್ಲೂ ಇದ್ದು, ನೀವಾಗಿಯೇ ಎರಡು ಪದರ ಬಟ್ಟೆ ಕಟ್ಟಿ ಹೊರಗೆ ನಿಲ್ಲಿಸಿರುವುದು ಬೆಳಕು.

ಲೆಕ್ಕ ನೋಡಿ. ನಡುಹಗಲ ತೆರೆದ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆ). 75ರ ನೆಟ್ ಒಂದು ಪದರಕ್ಕೆ ಕಾಲು ಭಾಗ ಒಳಗೆ ಬಿಡುತ್ತದೆ, ಎರಡನೆಯ ಪದರ ಆ ಕಾಲು ಭಾಗದಲ್ಲಿ ಮತ್ತೆ ಕಾಲು. ಗಿಡಕ್ಕೆ ತಲುಪುವುದು ಆರು ಸಾವಿರ ಚಿಲ್ಲರೆ. ನೆರಳನ್ನೇ ಬಯಸುವ ಫಲನಾಪ್ಸಿಸ್‌ಗೂ (ನಿಮ್ಮ ಅಗಲ ಎಲೆಯ ಗಿಡ) ಹತ್ತರಿಂದ ಹದಿನೈದು ಸಾವಿರ ಬೇಕು. ಕ್ಯಾಟ್ಲಿಯಾಕ್ಕೆ (ಒರೆ ಬಿಡುವ ಗಿಡ) ಇಪ್ಪತ್ತರಿಂದ ಮೂವತ್ತು, ಡೆಂಡ್ರೋಬಿಯಂಗೆ ಇಪ್ಪತ್ತೈದರಿಂದ ನಲವತ್ತು, ವಾಂಡಾಕ್ಕೆ ಮೂವತ್ತೈದರಿಂದ ಐವತ್ತು ಸಾವಿರ. ನಿಮ್ಮ ಗಿಡಗಳು ಸಾಯುವುದಿಲ್ಲ, ಹೂವನ್ನೂ ಬಿಡುವುದಿಲ್ಲ. ಎಲೆ ಕಡುಹಸಿರಾಗಿ ಹೊಳೆಯುತ್ತಿದ್ದರೆ ನೋಡಿದವರು ‘ಎಷ್ಟು ಚೆನ್ನಾಗಿ ಸಾಕಿದ್ದೀರಿ’ ಎನ್ನುತ್ತಾರೆ. ಅದು ಹಸಿವಿನ ಬಣ್ಣ. ಹೂವಿಗೆ ತಯಾರಾದ ಆರ್ಕಿಡ್ ಎಲೆ ಗಿಣಿಹಸಿರಾಗಿರಬೇಕು, ತುಸು ಹಳದಿ ಕಡೆಗೆ ವಾಲಿದ್ದರೂ ಅಡ್ಡಿಯಿಲ್ಲ.

ಇನ್ನು ಹೆಸರು. ಬಿಚ್ಚಿ ಹೇಳುತ್ತೇನೆ: ಚೀಟಿ ಕಳೆದುಕೊಂಡ ಹೈಬ್ರಿಡ್‌ಗೆ ಅದರ ನಿಜವಾದ ಹೆಸರು ಮರಳಿ ಸಿಗುವುದಿಲ್ಲ. ಮನುಷ್ಯ ಮಾಡಿದ ಮೊದಲ ಆರ್ಕಿಡ್ ಹೈಬ್ರಿಡ್ 1856ರಲ್ಲಿ ಇಂಗ್ಲೆಂಡಿನಲ್ಲಿ ಹೂ ಬಿಟ್ಟಿತು, ಅದು ಕ್ಯಾಲಾಂತೆ ಎಂಬ ಆರ್ಕಿಡ್ ಗುಂಪಿನದು. ಅಲ್ಲಿಂದೀಚೆಗೆ ನೋಂದಣಿಯಾದ ಸಂಕರಗಳು ಒಂದು ಲಕ್ಷ ದಾಟಿವೆ. ಲಂಡನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಈ ದಾಖಲೆ ಇಡುತ್ತದೆ. ಅಲ್ಲಿ ದಾಖಲಾಗುವುದು ತಂದೆ-ತಾಯಿ. ಅದೇ ಜೋಡಿಯಿಂದ ಹುಟ್ಟಿದ ಸಾವಿರಾರು ಸಸಿಗಳಿಗೆಲ್ಲ ಒಂದೇ ಹೆಸರು, ಹೂವಿನ ಬಣ್ಣ ಹೇಗೇ ಇರಲಿ. ಉದಾಹರಣೆಗೆ, ಮದುವೆ ಮಂಟಪಗಳಲ್ಲಿ ಕಾಣುವ ನೇರಳೆ-ಬಿಳಿ ಡೆಂಡ್ರೋಬಿಯಂ ಸೋನಿಯಾ ಎಂದರೆ ಸೀಸರ್ ಮತ್ತು ಟೋಮಿ ಡ್ರೇಕ್ ಎಂಬ ಎರಡು ಸಂಕರಗಳ ಸಂತಾನ. ಸೋನಿಯಾ 17, ಸೋನಿಯಾ 28 ಎಂದು ಮಾರುವುದು ಆ ಸಂತಾನದಲ್ಲಿ ಆರಿಸಿ ಅಂಗಾಂಶ ಕೃಷಿಯಿಂದ ಹೆಚ್ಚಿಸಿದ ಗಿಡಗಳನ್ನು. ಒಂದೇ ತಾಯಿಯ ಮಕ್ಕಳು ಬೇರೆಬೇರೆಯಾಗಿ ಕಾಣುತ್ತಾರೆ, ಸಂಬಂಧವೇ ಇಲ್ಲದವರು ಅವಳಿಗಳಂತೆ ಕಾಣುತ್ತಾರೆ. ಫೋಟೋ ನೋಡಿ ‘ಇದು ಇಂಥದ್ದೇ’ ಎನ್ನುವ ಮೊಬೈಲ್ ಆ್ಯಪ್ ಇರಲಿ, ಅನುಭವಿಗಳೇ ಇರಲಿ, ಹೇಳುತ್ತಿರುವುದು ಅಂದಾಜು.

ಹೂ ಬಿಡಿಸುವುದಕ್ಕೆ ಆ ಹೆಸರು ಬೇಕಾಗಿಯೂ ಇಲ್ಲ. ಗಿಡದ ಮೈಯಲ್ಲಿ ಯಾರ ರಕ್ತ ಹೆಚ್ಚಿದೆ ಎಂದು ತಿಳಿದರೆ ಅದಕ್ಕೆ ಚಳಿ ಬೇಕೋ, ಒಣಗು ಬೇಕೋ, ಬಿಸಿಲು ಬೇಕೋ ಗೊತ್ತಾಗುತ್ತದೆ. ಅಷ್ಟನ್ನು ಹೂವಿಲ್ಲದ ಗಿಡವೂ ಹೇಳುತ್ತದೆ. ನಿಮ್ಮ ವಿವರಣೆಯಿಂದಲೇ ಆರರ ಗುಂಪೂ ತಿಳಿಯುತ್ತಿದೆ.

ಮೊದಲಿಗೆ ಮರಿ ಹಾಕುವ ಕೋಲಿನ ಗಿಡ. ಹೆಚ್ಚು ಜನ ಸೋಲುವುದು ಇದರ ಹತ್ತಿರವೇ. ಡೆಂಡ್ರೋಬಿಯಂ ಹೈಬ್ರಿಡ್‌ಗಳಲ್ಲಿ ಎರಡು ದೊಡ್ಡ ಬಣಗಳಿವೆ. ಒಂದರಲ್ಲಿ ಕೋಲು ಗಟ್ಟಿ, ಎಲೆ ಮೇಲ್ಭಾಗದಲ್ಲಿ, ಹೂದಂಡೆ ತುದಿಯ ಹತ್ತಿರದಿಂದ ಬಾಗಿ ಹೊರಡುತ್ತದೆ. ಅದು ಸೋನಿಯಾ ಬಣ, ನಿಮ್ಮ ನೇರಳೆ ಗಿಡ ಇದೇ. ಇನ್ನೊಂದರಲ್ಲಿ ಕೋಲಿನುದ್ದಕ್ಕೂ ಮೆದು ಎಲೆ, ಗೆಣ್ಣು ಉಬ್ಬಿರುತ್ತದೆ, ಹೂ ಬಿಟ್ಟರೆ ಹಿಂದಿನ ವರ್ಷದ ಕೋಲಿನ ಗೆಣ್ಣಿನಿಂದಲೇ ಎರಡು-ಮೂರರ ಗೊಂಚಲಾಗಿ ಬರುತ್ತದೆ. ಇದು ನೋಬಿಲಿ ಬಣ. ಇದರ ಪೂರ್ವಜ ಹಿಮಾಲಯದ ತಪ್ಪಲಿನದು. ಅಲ್ಲಿ ಮುಂಗಾರಿನಲ್ಲಿ ತಿಂದುಂಡು ಬೆಳೆದು, ಚಳಿಗಾಲದಲ್ಲಿ ಒಣಗಿ, ವಸಂತದಲ್ಲಿ ಹೂ ಬಿಡುವುದು ರೂಢಿ. ಆ ಉಪವಾಸ ತಪ್ಪಿದರೆ ಹಬ್ಬವೂ ಇಲ್ಲ. ಗೆಣ್ಣಿನಲ್ಲಿರುವ ಮೊಳಕೆ ಹೂವಾಗಬಹುದು, ಮರಿಯೂ ಆಗಬಹುದು. ನೀರು, ಸಾರಜನಕ, ಬೆಚ್ಚನೆಯ ರಾತ್ರಿ ಮೂರೂ ಸಿಕ್ಕಿದರೆ ಅದು ಮರಿಯಾಗುತ್ತದೆ.

ನಿಮ್ಮ ಕಡೆ ಇದಕ್ಕೊಂದು ವಿಶೇಷ ತೊಡಕಿದೆ, ಪುಸ್ತಕಗಳು ಇದನ್ನು ಹೇಳುವುದಿಲ್ಲ. ಕೋಲಾರಕ್ಕೆ ಸೆಪ್ಟೆಂಬರ್-ಅಕ್ಟೋಬರಿನಲ್ಲೇ ಒಳ್ಳೆಯ ಮಳೆ, ತಮಿಳುನಾಡಿನ ಕಡೆಯ ಹಿಂಗಾರು ನವೆಂಬರಿನಲ್ಲೂ ಬಂದು ಹೋಗುತ್ತದೆ. ಅಂದರೆ ಗಿಡ ಒಣಗಬೇಕಾದ ಹೊತ್ತಿಗೇ ಆಕಾಶ ನೀರು ಹಾಕುತ್ತದೆ, ನೆಟ್ ಮಳೆಯನ್ನು ತಡೆಯುವುದಿಲ್ಲ. ಆದ್ದರಿಂದ ಸೆಪ್ಟೆಂಬರ್ ಕೊನೆಗೆ ಗೊಬ್ಬರ ಪೂರ್ತಿ ನಿಲ್ಲಿಸಿ. ಅಕ್ಟೋಬರ್ ಮಧ್ಯದಿಂದ ಮಳೆ ಬೀಳದ, ಆದರೆ ಬೆಳಗಿನ ಬಿಸಿಲು ಚೆನ್ನಾಗಿ ಬೀಳುವ ಕಡೆ ಇಡಿ. ಸೂರಿನ ಅಂಚು, ಮೆಟ್ಟಿಲ ಮೇಲಿನ ಶೀಟಿನ ಕೆಳಗೆ ಆದೀತು. ನವೆಂಬರಿನಿಂದ ವಾರಕ್ಕೊಮ್ಮೆ ಚಿಮುಕಿಸುವಷ್ಟು ನೀರು ಸಾಕು. ಡಿಸೆಂಬರ್-ಜನವರಿಯ ರಾತ್ರಿಗಳಲ್ಲಿ ಗೋಡೆಗೆ ತಾಗಿಸಬೇಡಿ, ಹಗಲಿಡೀ ಕಾದ ಗೋಡೆ ರಾತ್ರಿ ಶಾಖ ಬಿಡುತ್ತದೆ. ತೆರೆದ ಆಕಾಶದ ಕೆಳಗೆ ಎರಡು ಡಿಗ್ರಿ ಕಡಿಮೆ ಸಿಕ್ಕರೂ ಲಾಭವೇ. ನಾಲ್ಕರಿಂದ ಆರು ವಾರ ರಾತ್ರಿ 15ರ ಆಸುಪಾಸು ಇದ್ದರೆ ಬಹುತೇಕ ನೋಬಿಲಿಗಳು ಒಪ್ಪುತ್ತವೆ. ಕೋಲು ಸುಕ್ಕಾಗುತ್ತದೆ, ಎಲೆ ಉದುರುತ್ತವೆ. ಹೆದರಬೇಡಿ. ಗೆಣ್ಣಿನಲ್ಲಿ ಗುಬುಟು ಕಂಡ ತಕ್ಷಣ ಸಂತೋಷಕ್ಕೆ ನೀರು ಸುರಿಯುವುದೇ ಕೊನೆಯ ಗಳಿಗೆಯ ಅನಾಹುತ, ಹೂವಾಗಲು ಹೊರಟದ್ದು ಮರಿಯಾಗಿ ತಿರುಗುತ್ತದೆ. ಅದು ದುಂಡಗಾಗಿ ಮೊಗ್ಗೆಂದು ಖಚಿತವಾದ ಮೇಲೆ ನೀರು ಶುರುಮಾಡಿ. ಈಗ ಇರುವ ಮರಿಗಳನ್ನು ಬೇರು ಎರಡು ಬೆರಳುದ್ದ ಬಂದ ಮೇಲೆ ಕಿತ್ತು ಬೇರೆ ನೆಡಬಹುದು. ಎಲೆಯಿಲ್ಲದ ಹಳೆ ಕೋಲನ್ನು ಮಾತ್ರ ಕತ್ತರಿಸಬೇಡಿ.

ನೇರಳೆ ಗಿಡಕ್ಕೆ ಇಷ್ಟೆಲ್ಲ ರಗಳೆ ಇಲ್ಲ. ಬೆಳಕು ಕೊಡಿ, ಬೇರು ತುಂಬಿಕೊಳ್ಳುವಷ್ಟು ಚಿಕ್ಕ ಕುಂಡದಲ್ಲಿಡಿ, ಚಳಿಗಾಲದಲ್ಲಿ ನೀರನ್ನು ಅರ್ಧಕ್ಕಿಳಿಸಿ. ಇದರಲ್ಲೂ ಹಳೆ ಕೋಲುಗಳ ತುದಿಯಿಂದ ಮತ್ತೆಮತ್ತೆ ಹೂದಂಡೆ ಬರುತ್ತದೆ. ‘ಚೊಕ್ಕ’ ಮಾಡಲು ಹೋಗಿ ಕತ್ತರಿಸಿದ್ದರೆ ಹೂ ನಿಂತದ್ದಕ್ಕೆ ಅದೂ ಒಂದು ಕಾರಣ.

ಬುಟ್ಟಿಯದು ವಾಂಡಾ. ಎರಡು ಸಾಲಿನಲ್ಲಿ ಪಟ್ಟಿಯಂಥ ಎಲೆ, ಒಂದೇ ಕಾಂಡ ಮೇಲಕ್ಕೆ ಬೆಳೆಯುತ್ತ ಹೋಗುವುದು, ಪೆನ್ಸಿಲ್ ದಪ್ಪದ ಬೇರು. ಎಲೆ ಗಮನಿಸಿ ನೋಡಿ. ಪಟ್ಟಿಯಾಗಿದ್ದರೆ ಅರ್ಧ ಬಿಸಿಲು ಸಾಕು. ಕಡ್ಡಿಯಂತೆ ದುಂಡಗಿದ್ದರೆ ನೆಟ್ಟೇ ಬೇಡ, ನಡುವೆ ಆಳದ ಕಾಲುವೆಯಿರುವ ನಡುಜಾತಿಯಾದರೆ ಎರಡರ ಮಧ್ಯೆ. ಸಿಂಗಪುರದ ರಾಷ್ಟ್ರೀಯ ಹೂವಾದ ಮಿಸ್ ಜೋಕಿಂ ಕಡ್ಡಿ ಎಲೆಯ ಗುಂಪಿನದು, ತೋಟದ ಬೇಲಿಯ ಹಾಗೆ ಬಯಲಲ್ಲೇ ಬೆಳೆಸುತ್ತಾರೆ. ಗಿಡ ಗಿಡ್ಡ, ಎಲೆ ಅಂಗೈಯುದ್ದ ಮಾತ್ರ ಎಂದಾದರೆ ಹಿಂದೆ ಆಸ್ಕೋಸೆಂಟ್ರಂ ಎನ್ನುತ್ತಿದ್ದ ಆರ್ಕಿಡ್‌ಗಳ ರಕ್ತವಿದೆ. ಅದು ಬಿಸಿನಾಡಿನವರಿಗೆ ವರ, ಬೇಗ ಹೂ ಬಿಡುತ್ತದೆ. ದೊಡ್ಡ ನೀಲಿ ವಾಂಡಾಗಳ ಮೂಲಪುರುಷ ರಾಥ್‌ಚೈಲ್ಡಿಯಾನ, 1931ರಲ್ಲಿ ನೋಂದಣಿಯಾದದ್ದು. ನಮ್ಮ ಈಶಾನ್ಯದ ಬೆಟ್ಟಗಳ ನೀಲಿ ವಾಂಡಾ ಸೆರೂಲಿಯ ಒಂದು ಕಡೆ, ಫಿಲಿಪೀನ್ಸ್‌ನ ಸ್ಯಾಂಡೇರಿಯಾನ ಇನ್ನೊಂದು ಕಡೆ. ಮೊದಲನೆಯದು ಚಳಿ ತಡೆಯುತ್ತದೆ. ಎರಡನೆಯದು 15ಕ್ಕಿಂತ ಕೆಳಗಾದರೆ ಮುನಿಸಿಕೊಳ್ಳುತ್ತದೆ. ಜನವರಿಯಲ್ಲಿ ನಿಮ್ಮ ಗಿಡದ ಬೇರಿನ ತುದಿಯ ಹಸಿರು ಮುಚ್ಚಿಹೋದರೆ ಎರಡನೆಯದರ ರಕ್ತ ಜಾಸ್ತಿಯೆಂದು ಊಹಿಸಿ, ಆಗ ನೀರು ಕಡಿಮೆ ಮಾಡಿ.

ವಾಂಡಾಕ್ಕೆ ಮಣ್ಣಿಲ್ಲ, ಇದ್ದಿಲೂ ಬೇಕಿಲ್ಲ, ಬೇರೇ ಅದರ ಟ್ಯಾಂಕು. ಮಾರ್ಚ್-ಏಪ್ರಿಲ್ ಮಧ್ಯಾಹ್ನ ಗಾಳಿಯ ತೇವ 30 ಪರ್ಸೆಂಟಿಗಿಂತ ಕೆಳಗಿಳಿಯುವ ಊರಿನಲ್ಲಿ ಪೈಪಿನಿಂದ ಒಂದು ಸಲ ಚಿಮುಕಿಸಿ ಬಂದರೆ ಹತ್ತು ನಿಮಿಷದಲ್ಲಿ ಆರಿಹೋಗುತ್ತದೆ. ಬೆಳಗ್ಗೆ ಬೇರನ್ನೆಲ್ಲ ಬಕೆಟ್ಟಿನಲ್ಲಿ ಹದಿನೈದು ನಿಮಿಷ ಮುಳುಗಿಸಿ. ಬೆಳ್ಳಿ ಬಣ್ಣದ ಬೇರು ಪೂರ್ತಿ ಹಸಿರಾಗಬೇಕು, ಅಲ್ಲಿಯವರೆಗೆ ಅದು ಕುಡಿದಿಲ್ಲ. ಬೇಸಿಗೆಯಲ್ಲಿ ಸಂಜೆ ಐದಕ್ಕೆ ಇನ್ನೊಮ್ಮೆ. ಎಲೆಕಂಕುಳಲ್ಲಿ ನೀರು ನಿಂತು ರಾತ್ರಿ ಕಳೆಯಬಾರದು. ಎಲೆಯ ಮೇಲೆ ಸಣ್ಣ ನೇರಳೆ ಚುಕ್ಕಿಗಳು ಕಂಡರೆ ಬೆಳಕು ಸರಿಯಾದ ಮಟ್ಟ ಮುಟ್ಟಿದೆ ಎಂದರ್ಥ.

ರಾತ್ರಿಯ ತೇವದ ಬಗ್ಗೆ ಒಂದು ಮಾತು. ಫಲನಾಪ್ಸಿಸ್, ಕ್ಯಾಟ್ಲಿಯಾ, ವಾಂಡಾದಂಥ ದಪ್ಪ ಎಲೆಯ ಆರ್ಕಿಡ್‌ಗಳು ಹಗಲು ಎಲೆರಂಧ್ರ ಮುಚ್ಚಿಕೊಂಡು ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡ್ ತೆಗೆದುಕೊಳ್ಳುತ್ತವೆ, ಕತ್ತಾಳೆಯ ಹಾಗೆ. ಆದ್ದರಿಂದ ಮಧ್ಯಾಹ್ನ ಎಲೆಗೆ ಮಂಜು ಹೊಡೆಯುವ ಶ್ರಮಕ್ಕಿಂತ ಸಂಜೆ ತಾರಸಿಯ ನೆಲ ತೋಯಿಸುವುದು ಹೆಚ್ಚು ಕೆಲಸ ಮಾಡುತ್ತದೆ. ಕಾಂಕ್ರೀಟಿನ ಮೇಲೆ ಗೋಣಿಚೀಲ ಹಾಸಿ ನೆನೆಸಿ, ಕುಂಡಗಳನ್ನು ಎರಡು-ಮೂರು ಅಡಿ ಎತ್ತರದ ಸ್ಟ್ಯಾಂಡಿನಲ್ಲಿಡಿ. ನೆಟ್ ತಲೆಗಿಂತ ಎತ್ತರದಲ್ಲಿರಲಿ, ಪಕ್ಕಗಳು ತೆರೆದಿರಲಿ. ಗಾಳಿಯಾಡದ ನೆರಳಿಗಿಂತ ಗಾಳಿಯಾಡುವ ಬಿಸಿಲು ತಂಪು. ನಂಬಿಕೆಯಿಲ್ಲದಿದ್ದರೆ ಮಧ್ಯಾಹ್ನ ಎಲೆಯನ್ನು ಬೆರಳಲ್ಲಿ ಹಿಡಿದು ನೋಡಿ, ಬಿಸಿ ತಗುಲಬಾರದು.

ಒರೆ ಒಣಗುವ ಗಿಡ ಕ್ಯಾಟ್ಲಿಯಾ ಗುಂಪಿನದು. ಒರೆ ಒಣಗಿದರೆ ಹೂ ಸತ್ತಿತೆಂದಲ್ಲ. ಕೆಲವು ವಂಶಗಳು ಮಳೆಗಾಲದ ಕೊನೆಗೆ ಒರೆ ಬಿಟ್ಟು ಬೇಸಿಗೆಯ ಹೊಸ್ತಿಲಲ್ಲಿ ಅದೇ ಒಣಗಿದ ಒರೆಯಿಂದ ಹೂ ತೆಗೆಯುತ್ತವೆ. ಕಿತ್ತು ಹಾಕಬೇಡಿ, ಹಿಂದಿನಿಂದ ಟಾರ್ಚ್ ಹಿಡಿದು ಒಳಗೆ ನೆರಳು ಕಾಣುತ್ತದೆಯೇ ನೋಡಿ. ಇನ್ನೊಂದು ವಿಚಾರ: ತಾರಸಿಗೆ ಬೀದಿದೀಪದ ಅಥವಾ ಪಕ್ಕದ ಮನೆಯ ಎಲ್‌ಇಡಿ ಬೆಳಕು ರಾತ್ರಿಯೆಲ್ಲ ಬೀಳುತ್ತದೆಯೇ? ಹಲವು ಕ್ಯಾಟ್ಲಿಯಾಗಳು ಹಗಲು ಕಿರಿದಾಗುವುದನ್ನು ಗುರುತಿಸಿ ಮೊಗ್ಗು ಕಟ್ಟುತ್ತವೆ. ಚಿಕ್ಕಬಳ್ಳಾಪುರದ ಸೇವಂತಿಗೆ ಬೆಳೆಗಾರರಿಗೆ ಇದು ಗೊತ್ತು, ಬೇಡದ ಕಾಲದಲ್ಲಿ ಮೊಗ್ಗಾಗದಂತೆ ಹೊಲದಲ್ಲಿ ಬಲ್ಬು ಉರಿಸುವುದು ಇದೇ ಕಾರಣಕ್ಕೆ. ನಿಮ್ಮ ತಾರಸಿಯಲ್ಲಿ ಅದೇ ತಂತ್ರ ಉಲ್ಟಾ ಕೆಲಸ ಮಾಡುತ್ತಿರಬಹುದು. ಎಲೆಯ ಮೇಲೆ ಬೂದಿ ಸವರಿದಂಥ ಪದರ ಇದ್ದರೆ ರಿಂಕೋಲೀಲಿಯಾ ಡಿಗ್ಬಿಯಾನ ಎಂಬ ಆರ್ಕಿಡ್‌ನ ರಕ್ತವಿರುವ ಸಾಧ್ಯತೆ ಇದೆ. ಹೂವಿನ ತುಟಿಗೆ ಜಾಲರಿ ಅಂಚು, ಒಳ್ಳೆಯ ಪರಿಮಳ, ಆದರೆ ಹೂ ಬಿಡುವುದರಲ್ಲಿ ಮಹಾ ಮೊಂಡು. ಅದನ್ನು ನೆಟ್ಟಿನ ಅತಿ ಬೆಳಕಿನ ಮೂಲೆಗೆ ಸರಿಸಿ, ಚಳಿಗಾಲದಲ್ಲಿ ಒಣಗಲು ಬಿಡಿ, ಆಮೇಲೆ ಕಾಯಿರಿ.

ಫಲನಾಪ್ಸಿಸ್ ಮೊಗ್ಗು ಉದುರಿದ್ದು ಮೇ ತಿಂಗಳಲ್ಲಿ, ಶ್ರೀನಿವಾಸಪುರದಲ್ಲಿ, ಮನೆಯೊಳಗೆ. ಅದೇ ಕೋಣೆಯಲ್ಲಿ ಮಾವು ಹಣ್ಣಿಗೆ ಹಾಕಿದ್ದಿರಾ ಎಂದು ಕೇಳದೆ ಇರಲಾರೆ. ಹಣ್ಣಾಗುವ ಮಾವು ಎಥಿಲೀನ್ ಅನಿಲ ಬಿಡುತ್ತದೆ, ಆರ್ಕಿಡ್ ಮೊಗ್ಗುಗಳಿಗೆ ಅದು ವಿಷ. ಮಾವು ಬೇರೆ ಕೋಣೆಗೆ ಹೋಗಲಿ. ಮಾವಿನ ತವರಿನಲ್ಲಿ ಆರ್ಕಿಡ್‌ಗಾಗಿ ಮಾವು ಬಿಡಿ ಎಂದು ಯಾರೂ ಹೇಳಲಾರರು. ಉಳಿದಂತೆ ಈ ಗಿಡ ನಿಮಗೆ ಸುಲಭ. ಹಗಲು-ರಾತ್ರಿ 28ಕ್ಕಿಂತ ಮೇಲೇ ಇದ್ದರೆ ಬರೀ ಎಲೆ ಬಿಡುತ್ತದೆ, ಕೆಲವು ವಾರ 25ಕ್ಕಿಂತ ಕೆಳಗಿದ್ದರೆ ದಂಡೆ ಹಾಕುತ್ತದೆ. ನವೆಂಬರಿನಲ್ಲಿ ವರಾಂಡಕ್ಕೆ ತಂದಿಟ್ಟರೆ ನಿಮ್ಮ ಹವೆಯೇ ಆ ಕೆಲಸ ಮಾಡುತ್ತದೆ. ನಡು ಎಲೆಗಳ ಸಂದಿಯಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ.

ಡಾರ್ಜಿಲಿಂಗಿನ ಸಿಂಬಿಡಿಯಂ ಮೇಲೆ ಆಸೆ ಬಿಡಿ. ದೊಡ್ಡ ಹೂವಿನ ಸಿಂಬಿಡಿಯಂಗಳಿಗೆ ಮೊಗ್ಗು ಕಟ್ಟುವ ಹೊತ್ತಿಗೆ ವಾರಗಟ್ಟಲೆ 10ರಿಂದ 14 ಡಿಗ್ರಿಯ ರಾತ್ರಿ ಬೇಕು. ನಂದಿಬೆಟ್ಟದ ಮೇಲಾದರೆ ಪ್ರಯತ್ನಿಸಬಹುದಿತ್ತು, ನಿಮ್ಮ ತಾರಸಿಯಲ್ಲಿ ಅದು ಇನ್ನೂ ಹತ್ತು ವರ್ಷ ಹುಲ್ಲಾಗಿಯೇ ಇರುತ್ತದೆ. ಮಡಿಕೇರಿಯ ಕಡೆ ನೆಂಟರಿದ್ದರೆ ಕೊಟ್ಟುಬಿಡಿ. ಸಿಂಬಿಡಿಯಂ ಬೇಕೇ ಬೇಕೆಂದರೆ ಎನ್ಸಿಫೋಲಿಯಂ ಎಂಬ ಜಾತಿಯ ರಕ್ತದ ಗೋಲ್ಡನ್ ಎಲ್ಫ್‌ನಂಥವು ಸೆಖೆ ತಡೆಯುತ್ತವೆ.

ನೀರಿನ ವಿಷಯದಲ್ಲಿ ಮಾತ್ರ ರಾಜಿಯಿಲ್ಲ. ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವ, ಕೆಲವು ನೂರು ರೂಪಾಯಿಗೆ ಸಿಗುವ ಟಿಡಿಎಸ್ ಮೀಟರ್ ತಂದು ಅಳೆಯಿರಿ. ನಿಮ್ಮ ಭಾಗದ ಆಳದ ಬೋರ್‌ವೆಲ್‌ಗಳಲ್ಲಿ 800, 1000 ತೋರಿಸುವುದು ಹೊಸದೇನಲ್ಲ. ಆರ್ಕಿಡ್‌ಗೆ 200ರ ಒಳಗಿದ್ದರೆ ಒಳ್ಳೆಯದು. ಗಡಸು ನೀರು ಬೇರಿನ ತುದಿ ಸುಡುತ್ತದೆ, ಕುಂಡದಂಚಿನಲ್ಲಿ ಬಿಳಿ ಉಪ್ಪು ಕಟ್ಟುತ್ತದೆ, ಹೊಸ ಎಲೆ ಬೆಳ್ಳಗಾಗುತ್ತದೆ. ಉಪ್ಪು ಹಾಕಿ ನಡೆಸುವ ಸಾಫ್ಟ್‌ನರ್ ನೀರು ಇನ್ನೂ ಕೆಟ್ಟದ್ದು, ಅದರಲ್ಲಿ ಸೋಡಿಯಂ ಇರುತ್ತದೆ. ಆರ್‌ಒ ಯಂತ್ರ ಹೊರಗೆ ಬಿಡುವ ನೀರಂತೂ ಬೇಡವೇ ಬೇಡ. ಮಳೆನೀರು ಹಿಡಿಯಿರಿ. ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆ ಎಂದರೂ ಹತ್ತು ಚದರ ಮೀಟರ್ ಚಾವಣಿಗೆ 7000 ಲೀಟರ್ ಬೀಳುತ್ತದೆ. ಅದರಲ್ಲಿ ಐದು ಸಾವಿರ ಕೈಗೆ ಸಿಕ್ಕರೂ ಆರು ಗಿಡಕ್ಕೆ ದಿನಕ್ಕೆ ಹತ್ತು ಲೀಟರಿನಂತೆ ವರ್ಷ ಸಾಗುತ್ತದೆ. ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಬರಗಾಲಕ್ಕೆ 2000 ಲೀಟರಿನ ಒಂದು ಮುಚ್ಚಿದ ಟ್ಯಾಂಕ್ ಸಾಕು. ಮಳೆನೀರಿನಲ್ಲಿ ಸುಣ್ಣದ ಅಂಶ ಇರುವುದಿಲ್ಲ. ಬೆಳೆಯುವ ಕಾಲದಲ್ಲಿ ತಿಂಗಳಿಗೆರಡು ಸಲ ಲೀಟರಿಗೆ ಅರ್ಧ ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕೊಡಿ, ಬೇರೆ ದಿನ ಅಷ್ಟೇ ಮೆಗ್ನೀಸಿಯಂ ಸಲ್ಫೇಟ್.

ಗೊಬ್ಬರ ನಿಮ್ಮೂರಿನ ಟೊಮೆಟೊ ಬೆಳೆಗಾರರ ಅಂಗಡಿಯಲ್ಲೇ ಇದೆ: 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲು), ಲೀಟರಿಗೆ ಅರ್ಧ ಗ್ರಾಂ, ವಾರಕ್ಕೊಮ್ಮೆ. ‘0:52:34 ಹೊಡೆಯಿರಿ, ಹೂ ಸಿಡಿಯುತ್ತದೆ’ ಎನ್ನುವವರು ಬಹಳ. ಆರು ಸಾವಿರ ಲಕ್ಸ್‌ನಲ್ಲಿ ಕೂತ ಗಿಡಕ್ಕೆ ಯಾವ ರಂಜಕವೂ ಹೂ ತರುವುದಿಲ್ಲ. ಕುಂಡಕ್ಕೆ ಇದ್ದಿಲು, ಹೆಂಚಿನ ಚೂರು, ತೆಂಗಿನ ಮಟ್ಟೆಯ ತುಂಡು ಆಗುತ್ತದೆ. ತಿಪಟೂರಿನ ಕಡೆಯಿಂದ ಬರುವ ಮಟ್ಟೆ ಅಗ್ಗವೆಂದು ನೇರ ತುಂಬಬೇಡಿ, ನೀರು ಬದಲಿಸುತ್ತ ವಾರಕಾಲ ನೆನೆಸಿ ಉಪ್ಪು ತೆಗೆಯಿರಿ. ಎರಡು ವರ್ಷಕ್ಕೆ ಅದು ಕೊಳೆಯುತ್ತದೆ, ಬದಲಿಸಬೇಕು. ಮಾರ್ಚ್ ಬಂದರೆ ಎಲೆಯ ಅಡಿಯಲ್ಲಿ ಕೆಂಪು ನುಸಿ ಹುಡುಕಿ, ಸುತ್ತ ಚೆಂಡುಹೂವಿನ ಹೊಲವಿದ್ದರೆ ಮೊಗ್ಗಿನಲ್ಲಿ ಥ್ರಿಪ್ಸ್ ಎಂಬ ಸಣ್ಣ ಕೀಟ ಹುಡುಕಿ.

ಈಗ ಜೂನ್. ನೆಟ್ ಸಡಿಲಿಸಲು ಇದಕ್ಕಿಂತ ಒಳ್ಳೆಯ ತಿಂಗಳಿಲ್ಲ, ಮುಂದಿನ ಎರಡು ತಿಂಗಳು ಮೋಡ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ. ಮೊದಲು ಒಂದು ಪದರ ತೆಗೆಯಿರಿ. ಮೂರು ವಾರ ಬಿಟ್ಟು ಉಳಿದ ಪದರದ ಬದಲು 50ರ ನೆಟ್ ಕಟ್ಟಿ. ಫಲನಾಪ್ಸಿಸನ್ನು ತಾರಸಿಗೆ ತಂದರೆ ಅದು ಮಾತ್ರ ಹಳೆಯ ನೆಟ್ಟಿನ ತುಂಡಿನ ಕೆಳಗೇ ಇರಲಿ. ಇದೇ ಕೆಲಸವನ್ನು ಏಪ್ರಿಲಿನಲ್ಲಿ ಒಂದೇ ದಿನ ಮಾಡಿದ್ದರೆ ಎಲೆ ಬೆಳ್ಳಗೆ ಸುಟ್ಟು ಕಪ್ಪಾಗುತ್ತಿತ್ತು. ವಾಂಡಾವನ್ನು ಒಮ್ಮೆ ನೇತುಹಾಕಿದ ಮೇಲೆ ಜಾಗ ಬದಲಿಸಬೇಡಿ, ಪ್ರತಿ ಸಲ ಬೇರು ಮುರಿಯುತ್ತದೆ.

ಹೂ ಬಂದಾಗ ಹೆಸರಿನ ಆಸೆ ಮತ್ತೆ ಹುಟ್ಟುತ್ತದೆ, ಅದಕ್ಕೆ ಬೇಕಾದದ್ದನ್ನು ಆಗಲೇ ಬರೆದಿಡಿ. ಅಂಗಡಿಯವರು ಹೇಳಿದ ಹೆಸರನ್ನು ಗಿಡದ ಹೆಸರಾಗಿ ಬರೆಯಬೇಡಿ, ‘ನೋಬಿಲಿ ಬಣ, ಹೆಸರಿಲ್ಲ, ಎಲ್ಲಿ ಕೊಂಡದ್ದು, ಯಾವ ವರ್ಷ’ ಎಂದಷ್ಟೇ ಬರೆಯಿರಿ. ಚೀಟಿಯ ಮೇಲೆ ಪೆನ್ಸಿಲ್ ಬಳಸಿ, ಮಾರ್ಕರ್ ಶಾಯಿ ನಿಮ್ಮ ಒಂದು ಬೇಸಿಗೆಯನ್ನೂ ದಾಟುವುದಿಲ್ಲ. ಕ್ಯಾಟ್ಲಿಯಾ ಹೂ ಬಿಟ್ಟರೆ, ಅದು ಬಾಡುವ ಹೊತ್ತಿಗೆ ಹೂವಿನ ನಡುವಿರುವ ಕಂಬದ ತುದಿಯ ಟೋಪಿಯನ್ನು ಸೂಜಿಯಿಂದ ಎತ್ತಿ ಪರಾಗದ ಹಳದಿ ಗುಳಿಗೆಗಳನ್ನು ಎಣಿಸಿ. ಶುದ್ಧ ಕ್ಯಾಟ್ಲಿಯಾದಲ್ಲಿ ನಾಲ್ಕು. ಎಂಟಿದ್ದರೆ, ಅದರಲ್ಲೂ ನಾಲ್ಕು ಚಿಕ್ಕವಿದ್ದರೆ, ಲೀಲಿಯಾ ಅಥವಾ ರಿಂಕೋಲೀಲಿಯಾ ಬೆರೆತಿದೆ. ವಾಂಡಾದ ಹೂವಿಗೆ ಎದುರಿನಿಂದ, ಪಕ್ಕದಿಂದ, ಹಿಂದಿನಿಂದ ಮೂರು ಫೋಟೋ ತೆಗೆಯಿರಿ, ಪಕ್ಕದಲ್ಲಿ ಸ್ಕೇಲ್ ಇರಲಿ. ದಳದ ಮೇಲೆ ಚೌಕಳಿ ಗೆರೆ ಇದೆಯೇ, ಕೆಳಗಿನ ಎರಡು ದಳಗಳ ಬಣ್ಣ ಬೇರೆಯೇ ಎಂಬುದನ್ನು ಬರೆದು ಕಳಿಸಿ. ಚೌಕಳಿ ಸೆರೂಲಿಯದ ಕಡೆಯದು, ಕೆಳದಳಗಳ ಬೇರೆ ಬಣ್ಣ ಸ್ಯಾಂಡೇರಿಯಾನದ ಕಡೆಯದು. ಎರಡೂ ಇದ್ದರೆ ನಿಮ್ಮ ಗಿಡ ಎರಡೂ ಮನೆಯದು.